ಒಂದೇ ಟ್ರೇನಲ್ಲಿ ಕ್ಯಾಸಿಯೋ, ಒಮೆಗಾ: ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ವಾಚು ವ್ಯಾಪಾರಿಯ ಉತ್ತರ

ಪತ್ರಿಕೆಯವರು ನಿಮ್ಮ ಪತ್ರಗಳ ಕಟ್ಟನ್ನು ಕಳೆದ ವಾರ ಅಂಗಡಿಗೆ ತಂದುಕೊಟ್ಟರು. ರಾತ್ರಿ ಶಟರ್ ಅರ್ಧ ಎಳೆದು, ಒಂದೊಂದೇ ಓದಿದೆ. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ. ಎಂಟು ಆರಿಸಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. ಖಡೇಬಜಾರ್ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ಅಂಗಡಿ. ಅಪ್ಪ ಒಂದು ರಿಪೇರಿ ಮೇಜಿನಿಂದ ಶುರು ಮಾಡಿದ್ದು. ನಾನು 1989ರಿಂದ ಅದೇ ಮೇಜಿನ ಹಿಂದೆ ಕೂರುತ್ತಿದ್ದೇನೆ. ಹೊಸ ಸೊನಾಟಾ, ಟೈಟನ್, ಕ್ಯಾಸಿಯೋ, ಸೀಕೋ ಮಾರುತ್ತೇವೆ. ಹಳೆಯ ಎಚ್‌ಎಂಟಿ, ಫೇವರ್ ಲೂಬಾ, ಒಮೆಗಾ ಮನೆಗಳಿಂದ ಬಂದರೆ ಕೊಂಡು, ಸರಿಪಡಿಸಿ ಮಾರುತ್ತೇವೆ. ಹೊಸ ರೋಲೆಕ್ಸ್ ನಮ್ಮಲ್ಲಿ ಇಲ್ಲ. ಅದನ್ನು ಕಂಪನಿಯು ತಾನು ನೇಮಿಸಿದ ಅಂಗಡಿಗಳಿಗೆ ಮಾತ್ರ ಕೊಡುತ್ತದೆ. ಹಳೆಯ ರೋಲೆಕ್ಸ್ ಮಾತ್ರ ವರ್ಷಕ್ಕೆ ಒಂದೆರಡು ಕೈಗೆ ಬರುತ್ತವೆ. ಕ್ಯಾಂಪಿನಲ್ಲಿ ನೆಲೆ ನಿಂತ ನಿವೃತ್ತ ಸೇನಾ ಅಧಿಕಾರಿಗಳ ಮನೆಯಿಂದ ಬರುವುದೇ ಜಾಸ್ತಿ.

ಪ್ರಶ್ನೆ: ಲಕ್ಷದ ವಾಚು ಮುಟ್ಟಿ ನೋಡಿದವರಿಗೆ ಸಾವಿರ ರೂಪಾಯಿಯ ವಾಚು ನಿಜವಾಗಿ ಚೆನ್ನಾಗಿ ಕಾಣುತ್ತದೆಯೇ? ಅಥವಾ ಗಿರಾಕಿಯ ಕಿಸೆ ನೋಡಿ ಹೊಗಳುತ್ತೀರಾ? (ಶಾಲಾ ಶಿಕ್ಷಕರು, ಬೈಲಹೊಂಗಲ)

ನೇರವಾಗಿ ಕೇಳಿದ್ದೀರಿ ಗುರುಗಳೇ, ನೇರವಾಗಿಯೇ ಹೇಳುತ್ತೇನೆ. ನಿಜವಾಗಿ ಚೆನ್ನಾಗಿ ಕಾಣುತ್ತದೆ. ಯಾಕೆ ಅಂತ ಹೇಳಲು ಈಗ ನನ್ನ ಮೇಜಿನ ಮೇಲಿರುವ ಟ್ರೇಯನ್ನೇ ತೋರಿಸುತ್ತೇನೆ. ಅದರಲ್ಲಿ ಎರಡು ವಾಚುಗಳಿವೆ. ಒಂದು ಕ್ಯಾಸಿಯೋ ಎಫ್-91ಡಬ್ಲ್ಯೂ. ಇನ್ನೊಂದು 1960ರ ದಶಕದ ಒಮೆಗಾ ಸೀಮಾಸ್ಟರ್.

ಕ್ಯಾಸಿಯೋವನ್ನು ನೀವು ಕಂಡೇ ಇರುತ್ತೀರಿ. ಕಪ್ಪು ಪ್ಲಾಸ್ಟಿಕ್, ಚೌಕ ಮುಖ, ಅಂಕಿಯಲ್ಲಿ ಸಮಯ. 1989ರಲ್ಲಿ ಬಂತು, ಅಂದರೆ ನಾನು ಅಂಗಡಿಗೆ ಬಂದ ವರ್ಷವೇ. ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ತಯಾರಾಗುತ್ತಿದೆ. ತೂಕ 21 ಗ್ರಾಂ. ಒಂದು ಸೆಲ್ ಹಾಕಿದರೆ ಸುಮಾರು ಏಳು ವರ್ಷ ಓಡುತ್ತದೆ. ತಪ್ಪಿದರೆ ತಿಂಗಳಿಗೆ ಅರ್ಧ ನಿಮಿಷ ಹಿಂದೆಮುಂದೆ. ಆ ಸಣ್ಣ ಡಬ್ಬಿಯೊಳಗೆ ಒಂದು ಕ್ವಾರ್ಟ್ಜ್ ಹರಳು ಇದೆ, ಅಕ್ಕಿಕಾಳಿಗಿಂತ ತುಸು ದೊಡ್ಡ ಕೊಳವೆಯಲ್ಲಿ. ಅದು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಈ ಸಂಖ್ಯೆ ಯಾಕೆ? ಇದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೆ 15 ಸಲ ಮಾಡಿದರೆ ಸರಿಯಾಗಿ ಒಂದು ಬರುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ ಮಾಡುವುದೂ ಅದನ್ನೇ. ಆ ಒಂದು ಎಂಬುದೇ ನಮ್ಮ ಒಂದು ಸೆಕೆಂಡು. ನಿಮ್ಮ ಮಕ್ಕಳಿಗೆ ಬೋರ್ಡಿನ ಮೇಲೆ ಈ ಲೆಕ್ಕ ಮಾಡಿಸಿ ನೋಡಿ. ಎರಡರ ಘಾತ ಅವರು ಮರೆಯುವುದಿಲ್ಲ.

ಈ ಹರಳಿನ ವಿದ್ಯೆ ಮೊದಲು ಕೈಗಡಿಯಾರಕ್ಕೆ ಬಂದದ್ದು 1969ರ ಡಿಸೆಂಬರ್ 25ರಂದು, ಜಪಾನಿನ ಸೀಕೋ ಆಸ್ಟ್ರಾನ್ ವಾಚಿನಲ್ಲಿ. ಅದರ ಬೆಲೆ 4,50,000 ಯೆನ್. ಆಗ ಅಲ್ಲಿ ಆ ದುಡ್ಡಿಗೆ ಒಂದು ಸಣ್ಣ ಕಾರು ಬರುತ್ತಿತ್ತು. ಕಾರಿನ ಬೆಲೆಯ ಆ ವಿದ್ಯೆ ಇವತ್ತು ಗಣಪತಿ ಗಲ್ಲಿಯಲ್ಲಿ ತರಕಾರಿ ಮಾರುವ ಹುಡುಗನ ಕೈಯಲ್ಲಿದೆ. ಇದನ್ನು ಅಗ್ಗ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಸಾವಿರಾರು ಜನರ ತಲೆ, ಇಪ್ಪತ್ತು ಮೂವತ್ತು ವರ್ಷಗಳ ದುಡಿಮೆ ಸೇರಿ ಅದು ಅಷ್ಟು ಕಡಿಮೆ ಬೆಲೆಗೆ ಇಳಿದಿದೆ.

ಈಗ ಒಮೆಗಾ. ಸಮಯದ ಮಟ್ಟಿಗೆ ಇದು ಕ್ಯಾಸಿಯೋ ಮುಂದೆ ಸೋಲುತ್ತದೆ. ಹೊಚ್ಚ ಹೊಸ ಚಾವಿಯ ವಾಚಿಗೆ ಸ್ವಿಟ್ಜರ್ಲೆಂಡಿನಲ್ಲಿ ಕ್ರೋನೋಮೀಟರ್ ಅನ್ನುವ ನಿಖರತೆಯ ಪ್ರಮಾಣಪತ್ರ ಸಿಗಬೇಕಾದರೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಇಷ್ಟರೊಳಗೆ ಇದ್ದರೆ ಸಾಕು. ಹಾಗಾದರೆ ದುಡ್ಡು ಯಾತಕ್ಕೆ? ಹಿಂದಿನ ಮುಚ್ಚಳ ತೆಗೆದೆ. ಮಶೀನಿಗೆಲ್ಲ ತಾಮ್ರದ ಬಣ್ಣದ ಹೊದಿಕೆ. ಅರವತ್ತು ವರ್ಷ ದಾಟಿದೆ, ಇನ್ನೂ ಈಗ ತಾನೇ ತೊಳೆದ ತಂಬಿಗೆಯ ಹಾಗೆ ಇದೆ. ಮುಚ್ಚಳದ ಒಳಗೆ ಇರುವ ಭಾಗ ಇದು. ಕಟ್ಟಿಕೊಂಡವರು ಜೀವಮಾನದಲ್ಲಿ ಒಮ್ಮೆಯೂ ನೋಡುವುದಿಲ್ಲ. ನೋಡುವವನು ನನ್ನಂಥ ರಿಪೇರಿಯವನು ಮಾತ್ರ. ಆದರೂ ಯಾರೋ ಅಲ್ಲಿ ಕೂತು ಇಷ್ಟು ಚೆಂದ ಮಾಡಿದ್ದಾರೆ.

ಹೋದ ವರ್ಷ ಒಬ್ಬರು ಒಂದು ಸ್ವಿಸ್ ವಾಚಿಗೆ ಬೆಲ್ಟು ಹಾಕಿಸಲು ಬಂದರು. ಅದರ ಬೆಲೆ ಒಂದು ಟ್ರ್ಯಾಕ್ಟರಿಗಿಂತ ಹೆಚ್ಚು. ಹಿಂದೆ ಮುಚ್ಚಳದ ಬದಲು ಗಾಜು. ಅದೇ ಹೊತ್ತಿಗೆ ಉದ್ಯಮಬಾಗಿನಲ್ಲಿ ಲೇತ್ ಓಡಿಸುವ ಒಬ್ಬ ಹಳೆಯ ಗಿರಾಕಿ ತನ್ನ ಸೊನಾಟಾಕ್ಕೆ ಸೆಲ್ ಹಾಕಿಸಲು ಬಂದಿದ್ದ. ಮಾಲೀಕರನ್ನು ಕೇಳಿ, ಕಣ್ಣಿಗೆ ಹಿಡಿದು ನೋಡುವ ನನ್ನ ಭೂತಗನ್ನಡಿ, ಐಗ್ಲಾಸನ್ನು ಅವನಿಗೆ ಕೊಟ್ಟೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ, "ಮಾಮಾ, ಈ ಒಳಮೂಲಿ ನೋಡ್ರಿ. ಕಟರ್ ಹಾಯ್ದಿದ್ರ ಇಲ್ಲಿ ಗುಂಡಾಗಬೇಕಿತ್ತು. ಇದು ಚೂಪ್ ಅದ. ಇದನ್ನ ಯಾರೋ ಕೈಲೆ ಉಜ್ಯಾರ" ಅಂದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ತಿರುಗುವ ಕಟರ್ ಒಳಮೂಲೆಯನ್ನು ಚೂಪಾಗಿ ಬಿಡಲಾರದು. ಒಬ್ಬ ಕೆಲಸಗಾರ ಸಣ್ಣ ಅರ, ಮರದ ಕಡ್ಡಿ ಹಿಡಿದು ಗಂಟೆಗಟ್ಟಲೆ ತಿಕ್ಕಬೇಕು. ಆ ವಾಚಿನ ಮಾಲೀಕರಿಗೇ ಈ ವಿಷಯ ಗೊತ್ತಿರಲಿಲ್ಲ. ಅವರೂ ಐಗ್ಲಾಸು ಇಸಿದುಕೊಂಡು ನೋಡಿದರು. ಇಬ್ಬರೂ ಸೇರಿ ಅರ್ಧ ಗಂಟೆ ನಿಂತರು. ನಾನು ಚಹಾ ತರಿಸಿದೆ.

ಹೀಗಾಗಿ ನಾನು ಕ್ಯಾಸಿಯೋದಲ್ಲಿ ನೋಡುವುದು ಒಂದು, ಒಮೆಗಾದಲ್ಲಿ ನೋಡುವುದು ಇನ್ನೊಂದು. ಅಲ್ಲಿ ಎಷ್ಟು ಕಡಿಮೆಯಲ್ಲಿ ಎಷ್ಟು ಕೊಟ್ಟಿದ್ದಾರೆ ಅಂತ. ಇಲ್ಲಿ ಒಂದು ಕೆಲಸವನ್ನು ಎಲ್ಲಿಯವರೆಗೆ ಒಯ್ದಿದ್ದಾರೆ ಅಂತ. ನನಗೆ ಸೇರದ ವಾಚುಗಳೂ ಇವೆ. ಎರಡು ಸಾವಿರದ ವಾಚಿಗೆ ಮೂರು ಸುಳ್ಳು ಡಯಲ್ ಅಂಟಿಸಿ, ಓಡದ ಮುಳ್ಳು ಇಟ್ಟು ಮಾರುತ್ತಾರಲ್ಲ, ಅದು ಸೇರುವುದಿಲ್ಲ. ಸಾಧಾರಣ ಮಶೀನು ಹಾಕಿ, ಹೆಸರಿಗೆ ಮಾತ್ರ ಲಕ್ಷ ಕೇಳುವುದೂ ಸೇರುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ ಐದು ಸಾವಿರ ಇದೆ. ಆಟೋಮ್ಯಾಟಿಕ್ ವಾಚು ಬೇಕು. ಆನ್‌ಲೈನಲ್ಲಿ ಕೇಳದ ಹೆಸರಿನವು ಸಿಗುತ್ತಿವೆ. ತೆಗೆದುಕೊಳ್ಳಲೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಟಿಳಕವಾಡಿ)

ಬೇಡ ತಮ್ಮಾ. ಆ ದುಡ್ಡಿಗೆ ಹೊಸ ಆಟೋಮ್ಯಾಟಿಕ್, ಅಂದರೆ ಕೈ ಆಡಿದಂತೆ ತಾನೇ ಚಾವಿ ತುಂಬಿಕೊಳ್ಳುವ ವಾಚು, ಒಳ್ಳೆಯದು ಸಿಗುವುದು ಕಷ್ಟ. ಕೇಳದ ಹೆಸರಿನದು ಕೆಟ್ಟರೆ ಬಿಡಿಭಾಗ ಎಲ್ಲಿಂದ ತರುವುದು? ಐದು ಸಾವಿರದೊಳಗೆ ಟೈಟನ್ನಿನಲ್ಲಿ ಒಳ್ಳೆಯ ಕ್ವಾರ್ಟ್ಜ್ ವಾಚುಗಳಿವೆ. ಹೊಸೂರಿನ ಆ ಕಂಪನಿಯನ್ನು ಕಡಿಮೆ ಅಂದುಕೊಳ್ಳಬೇಡ. ಅವರು 2002ರಲ್ಲಿ ಎಡ್ಜ್ ಅಂತ ಒಂದು ವಾಚು ತಂದರು. ಅದರ ಮಶೀನಿನ ದಪ್ಪ 1.15 ಮಿಲಿಮೀಟರ್. ಇಡೀ ವಾಚು 3.5 ಮಿಲಿಮೀಟರ್. ಎಂಜಿನಿಯರಿಂಗ್ ಓದುವವನು ನೀನು, ಲ್ಯಾಬಿನಲ್ಲಿ ವರ್ನಿಯರ್ ಹಿಡಿದಿರುತ್ತೀಯ. 1.15 ಅಂದರೆ ಎಷ್ಟು ಅಂತ ಒಮ್ಮೆ ತೆರೆದು ನೋಡು.

ಚಾವಿಯ ವಾಚೇ ಬೇಕು ಅಂದರೆ ಹಳೆಯ ಎಚ್‌ಎಂಟಿ ನೋಡು. ಡಯಲ್ ಮೂಲದ್ದೇ ಇರಬೇಕು. ಸರ್ವಿಸ್ ಆದದ್ದೇ ಕೊಳ್ಳಬೇಕು. ಮಾರುವವನು ನಿನ್ನೆದುರು ಮುಚ್ಚಳ ತೆಗೆದು ತೋರಿಸಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬಾ. ಇಲ್ಲವಾದರೆ ಕೆಲಸಕ್ಕೆ ಸೇರುವವರೆಗೆ ಕಾಯಿ. ಮೊದಲ ಸಂಬಳದಲ್ಲಿ ಒಂದು ಸೀಕೋ 5 ತೆಗೆದುಕೋ. 1963ರಿಂದ ಬರುತ್ತಿರುವ ಸಾಲು ಅದು. ಹತ್ತಾರು ವರ್ಷ ಹಳೆಯ ಸೀಕೋಗಳು ಬರೀ ತೊಳೆದು ಎಣ್ಣೆ ಹಾಕಿದ ಮಾತ್ರಕ್ಕೆ ಮತ್ತೆ ಓಡಿದ್ದನ್ನು ನನ್ನ ಮೇಜಿನ ಮೇಲೆ ಎಷ್ಟೋ ಸಲ ಕಂಡಿದ್ದೇನೆ.

ಪ್ರಶ್ನೆ: ನನ್ನ ವಾಚಿನ ಹಿಂದೆ "30 ಮೀಟರ್" ಅಂತ ಬರೆದಿದೆ. ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಎಣ್ಣೆಹೊಂಡದಲ್ಲಿ ಮುಳುಗಿ ಎದ್ದೆ. ಗಾಜಿನೊಳಗೆ ಮಂಜು ಕಟ್ಟಿದೆ. ಕಂಪನಿ ಸುಳ್ಳು ಬರೆದಿದೆಯೇ? (ಗೃಹಿಣಿ, ಮುನವಳ್ಳಿ)

ಸುಳ್ಳಲ್ಲ ಅಕ್ಕಾರೆ, ಆದರೆ ಬರೆದ ರೀತಿ ಯಾರನ್ನಾದರೂ ದಾರಿ ತಪ್ಪಿಸುತ್ತದೆ. 30 ಮೀಟರ್ ಅನ್ನುವುದು ಪರೀಕ್ಷೆಯ ಒತ್ತಡದ ಲೆಕ್ಕ. ಅಲ್ಲಾಡದ ನೀರಿನಲ್ಲಿ, ಹೊಸ ವಾಚಿಗೆ, ಹೊಸ ರಬ್ಬರಿಗೆ. ದಿನದ ಬಳಕೆಯಲ್ಲಿ ಇದರ ಅರ್ಥ ಕೈ ತೊಳೆದಾಗ ನೀರು ಸಿಡಿದರೆ ಏನೂ ಆಗದು ಅಂತ ಅಷ್ಟೇ. ಈಜಲು 100 ಮೀಟರ್ ಬರೆದದ್ದು ಬೇಕು. ಸೆಲ್ ಬದಲಿಸುವಾಗ ರಬ್ಬರ್ ರಿಂಗು ಸರಿಯಾಗಿ ಕೂರಿಸದಿದ್ದರೆ ಆ ಶಕ್ತಿಯೂ ಹೋಗುತ್ತದೆ.

ಅಕ್ಕಿ ಡಬ್ಬಿಯಲ್ಲಿ ಇಡಬೇಡಿ, ಬಿಸಿಲಿಗೂ ಇಡಬೇಡಿ. ಇವತ್ತೇ ಹತ್ತಿರದ ರಿಪೇರಿಯವರ ಬಳಿ ಮುಚ್ಚಳ ತೆಗೆಸಿ, ಸೆಲ್ ಹೊರಗೆ ತೆಗೆಸಿ. ಒಂದು ದಿನ ತಡವಾದರೂ ಒಳಗಿನ ಉಕ್ಕಿಗೆ ತುಕ್ಕು ಹಿಡಿಯಲು ಶುರುವಾಗುತ್ತದೆ.

ಪ್ರಶ್ನೆ: ಮಗಳ ಮದುವೆ ಇದೆ. ಅಳಿಯನಾಗುವವರ ಕಡೆಯಿಂದ ರೋಲೆಕ್ಸ್ ಅಂತ ಮಾತು ಬಂದಿದೆ. ಪರಿಚಯದವರೊಬ್ಬರು ಎಂಟು ಸಾವಿರಕ್ಕೆ "ಫಸ್ಟ್ ಕಾಪಿ" ತರಿಸಿಕೊಡುತ್ತಾರಂತೆ, ಯಾರಿಗೂ ಗೊತ್ತಾಗುವುದಿಲ್ಲವಂತೆ. ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ. ಏನು ಮಾಡಲಿ? (ರೈತರು, ಅಥಣಿ ತಾಲ್ಲೂಕು)

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾನೂ ಹೆಣ್ಣುಮಗಳ ಅಪ್ಪ.

ಫಸ್ಟ್ ಕಾಪಿ ಅನ್ನುವುದು ಬಜಾರಿನ ಸಿಹಿ ಹೆಸರು. ಅದು ನಕಲಿ. ಬೇರೆಯವರ ಹೆಸರು, ಗುರುತು ಹಾಕಿ ಮಾರುವುದು ಅಪರಾಧ. ಗೊತ್ತಾಗುವುದಿಲ್ಲ ಅನ್ನುವುದೂ ನಿಜವಲ್ಲ. ಮೊದಲೆಲ್ಲ ಸೆಕೆಂಡ್ ಮುಳ್ಳು ಟಿಕ್ ಟಿಕ್ ಅಂತ ಹಾರಿದರೆ ನಕಲಿ, ಜಾರುತ್ತಾ ಹೋದರೆ ಅಸಲಿ ಅನ್ನುತ್ತಿದ್ದರು. ಈಗ ನಕಲಿ ಮಾಡುವವರೂ ಆಟೋಮ್ಯಾಟಿಕ್ ಮಶೀನು ಹಾಕುತ್ತಾರೆ, ಮುಳ್ಳು ಜಾರುತ್ತದೆ. ಆದರೆ ಆರು ತಿಂಗಳು, ಒಂದು ವರ್ಷ ಆಗಲಿ. ಚೈನಿನ ಹೊಳಪು ಹೋಗುತ್ತದೆ. ಚಾವಿ ಸಡಿಲಾಗುತ್ತದೆ. ಒಂದು ದಿನ ನಿಲ್ಲುತ್ತದೆ. ಆ ಹುಡುಗ ಅದನ್ನು ನನ್ನಂಥ ಒಬ್ಬನ ಮುಂದೆ ತಂದು ಇಡುತ್ತಾನೆ. ನಾನು ಮುಚ್ಚಳ ತೆಗೆದು ಸತ್ಯ ಹೇಳಲೇಬೇಕು. ಇಂಥದ್ದು ನನ್ನ ಕೌಂಟರಿನಲ್ಲಿ ಎರಡು ಸಲ ಆಗಿದೆ. ಒಮ್ಮೆ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳ ತಂದೆ ಕೊಟ್ಟ ವಾಚು ಅದು. ಅವಳ ಮುಖ ಇವತ್ತಿಗೂ ಮರೆತಿಲ್ಲ. ಎಂಟು ಸಾವಿರದ ಒಂದು ವಸ್ತುವಿಗಾಗಿ ಮಗಳನ್ನು ಅಲ್ಲಿ ನಿಲ್ಲಿಸಬೇಡಿ.

ಇನ್ನೊಂದು ಮಾತು, ವ್ಯಾಪಾರಿಯಾಗಿ ಅಲ್ಲ. ಪ್ರೀತಿಯಿಂದ ಅಳಿಯನಿಗೆ ವಾಚು ಕೊಡುವುದು ನಮ್ಮ ಕಡೆ ಹಳೆಯ ರೂಢಿ. ಕೊಡಿ, ಸಂತೋಷ. ಆದರೆ ಇಂಥದ್ದೇ ಬೇಕು ಅಂತ ಆ ಕಡೆಯಿಂದ ಕೇಳಿದರೆ ಅದು ವರದಕ್ಷಿಣೆ. 1961ರಿಂದಲೇ ಅದಕ್ಕೆ ಕಾನೂನು ಇದೆ. ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, "ನಮ್ಮ ಶಕ್ತಿ ಇಷ್ಟು" ಅಂತ ಈಗಲೇ ಹೇಳಿ. ಆಮೇಲೆ ನಿಮ್ಮ ಮನಸ್ಸಿಗೆ ಬಂದರೆ, ನಿಮ್ಮ ಶಕ್ತಿಗೆ ತಕ್ಕ ಒಂದು ಅಸಲಿ ವಾಚು ತೆಗೆದುಕೊಳ್ಳಿ. ಟೈಟನ್ ಇರಲಿ, ಸಿಟಿಜನ್ ಇರಲಿ. ಹಿಂದೆ ಅವರಿಬ್ಬರ ಹೆಸರು, ಮದುವೆಯ ತಾರೀಖು ಕೆತ್ತಿಸಿಕೊಡಿ. ಕೆತ್ತನೆಗೆ ದುಡ್ಡು ಬೇಡ, ನಾನೇ ಮಾಡಿಕೊಡುತ್ತೇನೆ.

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ. ಹನ್ನೆರಡು ವರ್ಷದ ದುಡಿಮೆಯ ನಂತರ ನನಗಾಗಿ ಒಂದು ಒಳ್ಳೆಯ ಸ್ವಿಸ್ ವಾಚು ಕೊಳ್ಳಬೇಕು ಅಂತ ಆಸೆ. ಬಜೆಟ್ ಎಪ್ಪತ್ತು ಸಾವಿರ. ಅಂಗಡಿಗೆ ಹೋದರೆ ಹರಳು ಹಚ್ಚಿದ, ಬಳೆಯಂಥ ವಾಚುಗಳನ್ನೇ ತೋರಿಸುತ್ತಾರೆ. ಮನೆಯಲ್ಲಿ, ಆ ದುಡ್ಡಿಗೆ ಬಂಗಾರ ಬರುತ್ತದೆ ಅನ್ನುತ್ತಾರೆ. (ಒಬ್ಬ ಓದುಗರು, ವಿಜಯಪುರ)

ಬಂಗಾರ ಲಾಕರಿನಲ್ಲಿ ಇರುತ್ತದೆ ತಂಗಿ, ವಾಚು ಕೈಯಲ್ಲಿ ಇರುತ್ತದೆ. ಹನ್ನೆರಡು ವರ್ಷ ದುಡಿದಿದ್ದೀರಿ. ತೆಗೆದುಕೊಳ್ಳಿ.

ನಿಮ್ಮ ದೂರು ಸರಿಯಾಗಿದೆ. ನಮ್ಮ ವ್ಯಾಪಾರದವರ ದೊಡ್ಡ ತಪ್ಪು ಅದು. ಹೆಂಗಸರು ಬಂದ ಕೂಡಲೇ ಮಶೀನಿನ ಮಾತು ನಿಲ್ಲಿಸಿ ಬಣ್ಣದ ಮಾತು ಶುರು ಮಾಡುತ್ತಾರೆ. ಆದರೆ ಕಷ್ಟದ ಕೆಲಸ ಇರುವುದೇ ಸಣ್ಣ ವಾಚಿನಲ್ಲಿ. ಸ್ವಿಟ್ಜರ್ಲೆಂಡಿನ ಜೀಗರ್ ಲಿಕೂಲ್ಟ್ರ್ 1929ರಲ್ಲಿ ಒಂದು ಮಶೀನು ಮಾಡಿತು. ಹೆಸರು ಕ್ಯಾಲಿಬರ್ 101. ತೂಕ ಸುಮಾರು ಒಂದು ಗ್ರಾಂ. ಅಷ್ಟರಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಿಡಿಭಾಗ! 1953ರಲ್ಲಿ ಇಂಗ್ಲೆಂಡಿನ ರಾಣಿ ಎರಡನೇ ಎಲಿಜಬೆತ್ ತನ್ನ ಪಟ್ಟಾಭಿಷೇಕಕ್ಕೆ ಕಟ್ಟಿಕೊಂಡದ್ದು ಅಂಥದ್ದೇ ಮಶೀನಿನ ವಾಚು. ನಾನು ಹಳೆಯ ಎಚ್‌ಎಂಟಿಯ ಹೆಂಗಸರ ವಾಚು ಬಿಚ್ಚುವಾಗಲೇ ಉಸಿರು ಹಿಡಿದಿರುತ್ತೇನೆ. ಬಿಟ್ಟರೆ ಸ್ಕ್ರೂ ಹಾರಿಹೋಗುತ್ತದೆ.

ಅಂಗಡಿಗೆ ಹೋದಾಗ ಮೂರು ವಿಷಯ ಕೇಳಿ. ಗಾಜು ಸಫೈರ್ ಹೌದಾ? ಹೌದು ಅಂದರೆ ಮೇಜು, ಬೀಗದ ಕೈ ತಾಗಿದರೂ ಗೀರು ಬೀಳುವುದಿಲ್ಲ. ಹತ್ತರ ಮಾಪಕದಲ್ಲಿ ಅದರ ಗಟ್ಟಿತನ 9, ವಜ್ರದ್ದು 10. ಸರ್ವಿಸ್ ಎಲ್ಲಿ, ಖರ್ಚು ಎಷ್ಟು? ವಿಜಯಪುರದಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕಾದೀತು, ಮೊದಲೇ ತಿಳಿದಿರಲಿ. ಆಟೋಮ್ಯಾಟಿಕ್ ಆದರೆ, ಶನಿವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ಓಡುತ್ತಿರುತ್ತದಾ? ಸುಮಾರು 80 ಗಂಟೆ ಓಡುವ ಮಶೀನುಗಳು ಈಗ ನಿಮ್ಮ ಬಜೆಟ್ಟಿನಲ್ಲೇ ಟಿಸ್ಸೋದಲ್ಲಿ ಇವೆ. ಗಂಡಸರ ವಾಚು, ಹೆಂಗಸರ ವಾಚು ಅನ್ನುವ ಬೋರ್ಡು ನೋಡಬೇಡಿ. ಕೈಗೆ ಕಟ್ಟಿ ನೋಡಿ. 34, 36 ಮಿಲಿಮೀಟರ್ ಅಳತೆಯವು ಯಾರ ಕೈಗೂ ಚೆಂದ. ಕೊಂಡ ಮೇಲೆ ಹಬ್ಬಕ್ಕೆ ಅಂತ ಎತ್ತಿಡಬೇಡಿ. ಕೌಂಟರಿನಲ್ಲಿ ಕೂತು ದಿನಾ ಸಹಿ ಹಾಕುವ ಕೈಗೇ ಕಟ್ಟಿ.

ಪ್ರಶ್ನೆ: ದುಬಾರಿ ವಾಚಿನ ಬೆಲೆ ಬಂಗಾರದ ಹಾಗೆ ಏರುತ್ತದಂತೆ. ಪ್ಲಾಟು ಮಾರಿದ ದುಡ್ಡಿದೆ. ಹಾಕಲೇ? (ವ್ಯಾಪಾರಿ, ಬಾಗಲಕೋಟೆ)

ಹಾಕಬೇಡಿ. ಬಂಗಾರವನ್ನು ತೂಗಿ ಮಾರಬಹುದು. ವಾಚಿಗೆ ತಕ್ಕಡಿ ಇಲ್ಲ. ಹೊಸ ವಾಚುಗಳಲ್ಲಿ ಹೆಚ್ಚಿನವು ಅಂಗಡಿಯ ಮೆಟ್ಟಿಲು ಇಳಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಬೆರಳೆಣಿಕೆಯ ಮಾದರಿಗಳು ಏರಿದವು, ನಿಜ. 2021ರಲ್ಲಿ, 2022ರ ಮೊದಲ ತಿಂಗಳುಗಳಲ್ಲಿ ಹಳೆಯ ರೋಲೆಕ್ಸುಗಳ ಬೆಲೆ ಗಾಳಿಪಟದ ಹಾಗೆ ಏರಿತು. ಆಮೇಲೆ ಇಳಿಯಿತು. ತುದಿಯಲ್ಲಿ ಕೊಂಡವರು ಸುಮ್ನೆ ಕೂತರು.

ಮತ್ತೆ, ಕೆಲವು ವಾಚಿನ ಬೆಲೆ ವಾಚಿನದ್ದಲ್ಲ. 1924ರಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿ ಸೊಂಟಕ್ಕೆ ಗಡಿಯಾರ ಸಿಕ್ಕಿಸಿಕೊಳ್ಳುತ್ತಿದ್ದರು. ಅವರ ಬಳಿ ಇದ್ದ ಒಂದು ಜೆನಿತ್ ಜೇಬುಗಡಿಯಾರ, ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆ ಸೇರಿ 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 18 ಲಕ್ಷ ಡಾಲರಿಗೆ ಹೋದವು. ಅಂಥದ್ದೇ ಇನ್ನೊಂದು ಜೆನಿತ್ ನನ್ನ ಕೈಗೆ ಬಂದರೆ ಕೆಲವು ಸಾವಿರಗಳ ಮಾತು.

ಇಷ್ಟಾದರೂ ಕೊಳ್ಳಬೇಕು ಅನ್ನಿಸಿದರೆ, ಇಷ್ಟಪಟ್ಟು ಕಟ್ಟಲು ಕೊಳ್ಳಿ. ಬಿಲ್ಲು, ಬಾಕ್ಸು, ಕಾರ್ಡು ಮೂರೂ ಇರಲಿ. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಎರಡು ಲಕ್ಷ ಮತ್ತು ಅದಕ್ಕಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ನಗದೇ ಬೇಕು ಅನ್ನುವವನ ವಾಚು ಕದ್ದದ್ದೂ ಇರಬಹುದು.

ಪ್ರಶ್ನೆ: ಚೆನ್ನಾಗಿ ಓಡುತ್ತಿದ್ದ ಚಾವಿಯ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿದೆ. (ಸೌಂಡ್ ಸಿಸ್ಟಂ ಬಾಡಿಗೆ ಕೊಡುವವರು, ಗೋಕಾಕ)

ನಿಮ್ಮ ಕೆಲಸವೇ ಉತ್ತರ. ಸ್ಪೀಕರಿನ ಅಯಸ್ಕಾಂತ. ವಾಚಿನ ವೇಗ ಹಿಡಿತದಲ್ಲಿಡುವ, ಕೂದಲಿನಷ್ಟು ತೆಳ್ಳಗಿನ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಸ್ಪ್ರಿಂಗು ಗಿಡ್ಡ ಆದ ಹಾಗಾಗಿ ವಾಚು ಓಡೋಡಿ ಹೋಗುತ್ತದೆ. ಅಯಸ್ಕಾಂತ ಇಳಿಸುವ ಸಣ್ಣ ಯಂತ್ರ ರಿಪೇರಿಯವರ ಬಳಿ ಇರುತ್ತದೆ, ಎರಡು ನಿಮಿಷದ ಕೆಲಸ. ಡಬ್ಬ ಎತ್ತುವ ದಿನ ಕ್ಯಾಸಿಯೋ ಕಟ್ಟಿ. ಅಂಕಿಯ ವಾಚಿಗೆ ಇದರ ಕಾಟ ಇಲ್ಲ.

ಪ್ರಶ್ನೆ: ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅವರ ಎಚ್‌ಎಂಟಿ ಜನತಾ ಸಿಕ್ಕಿತು. ಚಾವಿ ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಿಲ್ಲ. ಡಯಲ್ ಮೇಲೆ ಕಂದು ಕಲೆಗಳಿವೆ. ತೋರಿಸಿದ ಕಡೆ, "ಮಶೀನು ಹೋಗಿದೆ, ಹೊಸ ಬಣ್ಣದ ಡಯಲ್ ಹಾಕಿಸಿ, ಇಲ್ಲ ಮುನ್ನೂರಕ್ಕೆ ಕೊಡಿ" ಅಂದರು. ಇದಕ್ಕೆ ದುಡ್ಡು ಹಾಕುವುದು ದಡ್ಡತನವೇ? (ಒಬ್ಬ ಓದುಗರು, ಹುಕ್ಕೇರಿ ತಾಲ್ಲೂಕು)

ಕೊಡಬೇಡಿ. ಡಯಲ್ ಬದಲಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅದಕ್ಕೂ ಮೊದಲು ವಾಚು ಅಂದರೆ ಪರದೇಶದ್ದು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ನಾನು ಸಣ್ಣವನಿದ್ದಾಗ ಅಪ್ಪನ ಮೇಜಿನ ಮೇಲೆ ಹತ್ತು ವಾಚು ಇದ್ದರೆ ಏಳೆಂಟು ಎಚ್‌ಎಂಟಿ. ಮೆಟ್ರಿಕ್ ಪಾಸಾದರೆ ಜನತಾ. ಮದುವೆಯಾದರೆ ಕಾಂಚನ್. ಸಾಂಬ್ರಾದ ಏರ್‌ಫೋರ್ಸಿನ ಹುಡುಗರಿಗೆ ಕರಿ ಡಯಲಿನ ಪೈಲಟ್ ಮೇಲೆ ಕಣ್ಣು. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಆ ಸುದ್ದಿ ಬಂದ ವಾರ ನಮ್ಮ ಅಂಗಡಿಗೆ ಜನ ತಮ್ಮ ತಮ್ಮ ಮನೆಯ ನಿಂತ ಎಚ್‌ಎಂಟಿಗಳನ್ನು ಹಿಡಿದು ಬಂದರು. ನಾನು, ನನ್ನ ತಮ್ಮ ಊಟಕ್ಕೂ ಏಳದೆ ಮುಚ್ಚಳ ಬಿಚ್ಚಿದೆವು.

ಜನತಾದೊಳಗೆ, ಚಕ್ರಗಳು ತಿರುಗುವ ಕಡೆ ಸವೆಯದ ಹಾಗೆ ಕೂರಿಸಿದ ಹದಿನೇಳು ಹರಳು. ಸೆಕೆಂಡಿಗೆ ಐದು ಬಡಿತ. ಅಂದರೆ ದಿನಕ್ಕೆ 4,32,000. ನಿಮ್ಮ ಅಪ್ಪ ಅದನ್ನು ಮೂವತ್ತು ವರ್ಷ ಕಟ್ಟಿದ್ದರೆ ಎಷ್ಟಾಯಿತು ಅಂತ ನೀವೇ ಗುಣಿಸಿ. ಅಷ್ಟು ದುಡಿದ ಮಶೀನಿನಲ್ಲಿ ಒಂದು ಸ್ಪ್ರಿಂಗು ತುಂಡಾದರೆ ಅದು "ಹೋಗಿದೆ" ಅಂತಲ್ಲ. ಚಾವಿ ಬಿಗಿಯಾಗದೆ ಸುತ್ತುತ್ತಲೇ ಇದೆ ಅಂತ ಬರೆದಿದ್ದೀರಿ. ಹೆಚ್ಚಿನ ಸಲ ಅದರ ಅರ್ಥ ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗು ಮುರಿದಿದೆ, ಇಲ್ಲ ಅದನ್ನು ಹಿಡಿದಿಡುವ ಸಣ್ಣ ಕೊಕ್ಕೆ ಸವೆದಿದೆ. ಎರಡೂ ಸಣ್ಣ ಕೆಲಸ. ಬಿಡಿಭಾಗಕ್ಕೆ ನಾವು ಹಳೆಯ, ಮುಖ ಕೆಟ್ಟ ಎಚ್‌ಎಂಟಿಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದೇವೆ. ಒಂದರ ಜೀವ ಇನ್ನೊಂದಕ್ಕೆ. ಸ್ಪ್ರಿಂಗು, ತೊಳೆಯುವುದು, ಎಣ್ಣೆ, ಎಲ್ಲ ಸೇರಿ ನಮ್ಮಲ್ಲಿ ಸಾವಿರ ರೂಪಾಯಿ ದಾಟುವುದಿಲ್ಲ.

ಇನ್ನು ಡಯಲ್. ಹಳೆಯ ವಾಚಿಗೆ ಕೆಂಪು, ಹಸಿರು, ನೀಲಿ ಹೊಸ ಡಯಲ್ ಬಳಿದು ಮಾರುವ ದೊಡ್ಡ ವ್ಯಾಪಾರವೇ ಇದೆ. ಬಲ್ಲವರು ಅಂಥವನ್ನು "ಮುಂಬೈ ಸ್ಪೆಷಲ್" ಅಂತ ಕರೆಯುತ್ತಾರೆ. ಎಚ್‌ಎಂಟಿ ಎಂದೂ ಮಾಡದ ಬಣ್ಣಗಳೂ ಅವುಗಳಲ್ಲಿ ಇರುತ್ತವೆ. ನಿಮ್ಮ ವಾಚಿನ ಮೂಲ ಡಯಲ್ ತೆಗೆದು ಇನ್ನೊಬ್ಬರ ವಾಚಿಗೆ ಹಾಕಿ ಲಾಭ ಮಾಡುವವರೂ ಇದ್ದಾರೆ. ಕಂದು ಕಲೆ ಇರಲಿ. ಪೋಸ್ಟಿನ ಚೀಲ ಹೊತ್ತು ಮಳೆಯಲ್ಲಿ ಸೈಕಲ್ ತುಳಿದವರ ಕೈಯ ವಾಚು ಅದು. ನಾನು ಕಲೆ ಮುಟ್ಟುವುದಿಲ್ಲ. ಗಾಜಿನ ಗೀರು ಮಾತ್ರ ತಿಕ್ಕಿ ತೆಗೆಯುತ್ತೇನೆ. ಜನತಾದ ಗಾಜು ಅಕ್ರಿಲಿಕ್, ಪಾಲಿಶ್ ಹಾಕಿದರೆ ತಿಳಿಯಾಗುತ್ತದೆ.

ಬಜಾರಿನಲ್ಲಿ ಇದಕ್ಕೆ ಒಮೆಗಾದ ಬೆಲೆ ಬರುವುದಿಲ್ಲ. ಆದರೆ ನನ್ನ ಮೇಜಿನ ಮೇಲೆ ಅವೆರಡೂ ಒಂದೇ ಬಟ್ಟೆಯ ಮೇಲೆ ಮಲಗುತ್ತವೆ. ಒಂದೇ ಎಣ್ಣೆ, ಒಂದೇ ಚಿಮಟ, ಅಷ್ಟೇ ಹೊತ್ತು.

ಬೆಳಗಾವಿಗೆ ಬಂದಾಗ ತನ್ನಿ. ಅಲ್ಲಿಯವರೆಗೆ ಚಾವಿ ತಿರುಗಿಸಿ ನೋಡುತ್ತಾ ಇರಬೇಡಿ, ಮುರಿದ ಸ್ಪ್ರಿಂಗಿನ ತುದಿ ಮಶೀನಿನೊಳಗೆ ಅದು ಕೂರುವ ಡಬ್ಬಿಯನ್ನು ಗೀರುತ್ತದೆ. ಸಣ್ಣ ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆ ಸುತ್ತಿ ತನ್ನಿ. ಹಳೆಯ ಬೆಲ್ಟು ಹರಿದಿದ್ದರೂ ಎಸೆಯಬೇಡಿ, ಜೊತೆಗೇ ಇರಲಿ. ಹೊಸ ಬೆಲ್ಟಿಗೆ ತೂತು ಎಲ್ಲಿ ಹಾಕಬೇಕು ಅಂತ ಅದನ್ನು ನೋಡಿಯೇ ಅಳೆಯುತ್ತೇನೆ. ನಿಮ್ಮ ಕೈಗೆ ಸರಿಹೋಗದಿದ್ದರೆ ಪಕ್ಕದಲ್ಲಿ ಇನ್ನೊಂದು ಹಾಕೋಣ.